ತಂಗಾಳಿಯ ಜೊತೆ ಬರುವ ಮುಗ್ಗಲು ವಾಸನೆ



ಮಲಗುವ ಕೋಣೆಯ ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಕೋಣೆ ತಣ್ಣಗಾಗುತ್ತ ಬಂದಂತೆ ಅದು ಕಡಿಮೆಯಾಗುತ್ತದೆ. ಹೋಯಿತಲ್ಲ ಎಂದು ಮಲಗಿದರೆ ನಡುರಾತ್ರಿ ಮತ್ತೊಮ್ಮೆ ಬರುತ್ತದೆ. ಬೇಸಿಗೆ ಶುರುವಾದರೆ ಸಾಕು, ಮಂಗಳೂರು, ಉಡುಪಿ, ಕಾರವಾರದ ಕಡೆಯ ಮನೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಹೆಚ್ಚಿನವರು ಆಗ ಕೈಗೆತ್ತಿಕೊಳ್ಳುವುದು ರೂಮ್ ಸ್ಪ್ರೇಯನ್ನು. ಅದರಿಂದ ಯಾಕೆ ಉಪಯೋಗವಿಲ್ಲ, ಯಾವುದರಿಂದ ಇದೆ ಎಂಬುದನ್ನು ಇವತ್ತು ನೋಡೋಣ.

ವಾಸನೆ ಬರುವ ಹೊತ್ತನ್ನು ಮೊದಲು ಗಮನಿಸಿ. ಕಾರಣದ ಸುಳಿವು ಅಲ್ಲೇ ಸಿಗುತ್ತದೆ. ಗೋಡೆಯ ಮೇಲಿನ ಇನ್‌ಡೋರ್ ಯೂನಿಟ್ಟಿನೊಳಗೆ ತಾಮ್ರದ ಕೊಳವೆಗಳಿವೆ. ಅವಕ್ಕೆ ಅಡ್ಡಲಾಗಿ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳು ಒತ್ತೊತ್ತಾಗಿ ನಿಂತಿವೆ. ಮೆಕ್ಯಾನಿಕ್‌ಗಳು ಇದನ್ನು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಯಂತ್ರ ಓಡುವಾಗ ಅದರ ಮೈ ಸುಮಾರು 10 ಡಿಗ್ರಿಗೆ ಇಳಿದಿರುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಕೋಣೆಯ ಗಾಳಿಯಲ್ಲಿದ್ದ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರನ್ನು ಹೀಗೆ ಇಳಿಸಬಲ್ಲದು. ಈ ಯಂತ್ರ ಹುಟ್ಟಿದ್ದೇ ಗಾಳಿಯ ತೇವವನ್ನು ಹತೋಟಿಗೆ ತರಲಿಕ್ಕೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಯುವ ಎಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದಕ್ಕಾಗಿ ಇದನ್ನು ರೂಪಿಸಿದರು. ಅಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಮನುಷ್ಯರನ್ನು ತಂಪಾಗಿಡುವ ಕೆಲಸ ಅದಕ್ಕೆ ಆಮೇಲೆ ಬಂತು.

ಇಳಿದ ನೀರೆಲ್ಲ ಡ್ರೈನ್ ಪೈಪಿನಲ್ಲಿ ಹೊರಗೆ ಹೋಗುವುದಿಲ್ಲ. ಪಟ್ಟಿಗಳ ಸಂದಿಯಲ್ಲಿ, ಕೆಳಗಿನ ಟ್ರೇಯ ಮೂಲೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಫಿಲ್ಟರ್ ದಾಟಿ ಬಂದ ಸಣ್ಣ ದೂಳು, ಬಟ್ಟೆಯ ಎಳೆ, ನಮ್ಮ ಚರ್ಮದ ಹೊಟ್ಟು ಅದಕ್ಕೆ ಅಂಟುತ್ತವೆ. ಕತ್ತಲೆ, ತೇವ, ಆಹಾರ ಮೂರೂ ಸಿಕ್ಕ ಮೇಲೆ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆದು ತೆಳುವಾದ ಲೋಳೆ ಕಟ್ಟುತ್ತದೆ. ಕಂಪ್ರೆಸರ್ ನಿಂತು ಕಾಯಿಲ್‌ನ ತಂಪು ಇಳಿದಾಗ ಆ ತೇವ ಆವಿಯಾಗಿ, ಲೋಳೆಯ ವಾಸನೆಯನ್ನೂ ಹೊತ್ತುಕೊಂಡು ಕೋಣೆಗೆ ಬರುತ್ತದೆ. ನಡುರಾತ್ರಿಯ ವಾಸನೆ ಅದು.

ಮನೆಯ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯದೇ ಗಾಳಿಯನ್ನು ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ಹಾಗಾಗಿ ಒಗ್ಗರಣೆಯ ಘಾಟು, ಮೀನು ಹುರಿದ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟು, ಮಳೆಗಾಲದಲ್ಲಿ ಒಳಗೇ ಒಣಹಾಕಿದ ಬಟ್ಟೆಯ ವಾಸನೆ ಎಲ್ಲವೂ ಆ ಒದ್ದೆ ಕಾಯಿಲ್ ಮೇಲೆ ಹಾದುಹೋಗಿ ಸ್ವಲ್ಪ ಸ್ವಲ್ಪ ಅಲ್ಲೇ ಉಳಿಯುತ್ತವೆ. ನೀವು ಹೊಡೆದ ಸ್ಪ್ರೇಯ ಗತಿಯೂ ಅದೇ. ಮನೆಯಲ್ಲಿ ಉಬ್ಬಸದ ಮಕ್ಕಳಿದ್ದರೆ ದಯವಿಟ್ಟು ಸ್ಪ್ರೇಯನ್ನು ಬಿಟ್ಟೇಬಿಡಿ. ಬೂಷ್ಟಿನ ಕಣವೂ ಸ್ಪ್ರೇಯೂ ಉಬ್ಬಸವನ್ನು ಕೆರಳಿಸಬಲ್ಲವು.

ಒಂದೇ ಕಂಪನಿಯ, ಒಂದೇ ಮಾದರಿಯ ಎಸಿ ಕಲಬುರಗಿಯಲ್ಲಿ ಏಪ್ರಿಲ್ ಪೂರ್ತಿ ಓಡಿದರೂ ಇಷ್ಟು ನಾರುವುದಿಲ್ಲ. ಅಲ್ಲಿಯ ಬೇಸಿಗೆಯ ಗಾಳಿ ಒಣಗಾಳಿ. ಕಾಯಿಲ್ ಮೇಲೆ ಇಳಿಯುವ ನೀರೇ ಕಡಿಮೆ. ಅಲ್ಲಿ ಕಾಡುವುದು ದೂಳು. ಕರಾವಳಿಯಲ್ಲಿ ಹಾಗಲ್ಲ. ಜೂನ್ ಮೊದಲ ವಾರ ಮಳೆ ಹಿಡಿದ ರಾತ್ರಿ ಎಸಿ ಆರಿಸಿದರೆ ಮತ್ತೆ ಅದನ್ನು ಹಾಕುವುದು ಮುಂದಿನ ಬೇಸಿಗೆಯಲ್ಲೇ. ಒಳಗಿನ ಕಾಯಿಲ್ ಅವತ್ತು ತೊಟ್ಟಿಕ್ಕುವಷ್ಟು ಒದ್ದೆಯಾಗಿರುತ್ತದೆ, ಮುಂದೆ ಮೂರು ನಾಲ್ಕು ತಿಂಗಳು ಹೊರಗಿನ ಗಾಳಿಯೂ ಒದ್ದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದ್ದರಿಂದ ಎಸಿಯನ್ನು ಮಳೆಗಾಲಕ್ಕೆ ಬಿಡುವ ಮೊದಲು ಬಿಸಿಲಿರುವ ಒಂದು ದಿನ ನೋಡಿ, ಕಿಟಕಿ ತೆರೆದಿಟ್ಟು, ಎರಡು ಮೂರು ಗಂಟೆ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ದಿನವೂ ಬಳಸುವ ಕಾಲದಲ್ಲಿ, ಆರಿಸುವ ಮುಂಚೆ ಅರ್ಧ ಗಂಟೆ ಫ್ಯಾನ್ ಮೋಡ್ ಸಾಕು. ಇಲ್ಲಿ ಅನೇಕರು ರಿಮೋಟಿನಲ್ಲಿರುವ ಡ್ರೈ ಮೋಡ್ ಒತ್ತುತ್ತಾರೆ. ಡ್ರೈ ಮೋಡ್ ಒಣಗಿಸುವುದು ಕೋಣೆಯನ್ನು. ಅದರಲ್ಲಿ ಕಂಪ್ರೆಸರ್ ಓಡುತ್ತದೆ, ಕಾಯಿಲ್ ಮತ್ತೆ ಒದ್ದೆಯಾಗುತ್ತದೆ. ಕಾಯಿಲ್ ಒಣಗಬೇಕಾದರೆ ಫ್ಯಾನ್ ಮೋಡೇ ಬೇಕು.

ಇನ್ನು ಶುಚಿ ಮಾಡುವ ವಿಷಯ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೆಗೆದು, ನಲ್ಲಿಯ ತಣ್ಣೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಇದು ಮನೆಯವರೇ ಮಾಡುವ ಕೆಲಸ. ಮುಂದಿನದನ್ನು ನೋಡಲು ಮೇನ್ ಸ್ವಿಚ್ ಆರಿಸಿ, ಗಾಳಿ ಬರುವ ಬಾಯಿಯ ರೆಕ್ಕೆಯನ್ನು ಮೆಲ್ಲಗೆ ಸರಿಸಿ, ಮೊಬೈಲಿನ ಟಾರ್ಚ್ ಬಿಡಿ. ಒಳಗೆ ಉದ್ದಕ್ಕೆ ಮಲಗಿದ ಉರುಳೆಯೊಂದು ಕಾಣುತ್ತದೆ. ಅದು ಬ್ಲೋವರ್. ಅದರ ಎಲೆಗಳ ಅಂಚಿನಲ್ಲಿ ಕಪ್ಪು ಚುಕ್ಕೆಗಳು, ಬೂದು ಬಣ್ಣದ ಅಂಟು ಕಂಡರೆ ಫಿಲ್ಟರ್ ತೊಳೆದು ಪ್ರಯೋಜನವಿಲ್ಲ, ಸರ್ವೀಸ್ ಮಾಡಿಸಲೇಬೇಕು. ಬಂದವರು ಕಾಯಿಲ್ ಮುಂಭಾಗಕ್ಕೆ ನೀರು ಹೊಡೆದು ಮುಗಿಸುವುದುಂಟು. ಬ್ಲೋವರ್ ಮತ್ತು ಡ್ರೈನ್ ಟ್ರೇಯನ್ನೂ ತೊಳೆಯಬೇಕೆಂದು ಮೊದಲೇ ಹೇಳಿ, ಎದುರಿಗೇ ನಿಂತು ಮಾಡಿಸಿ. ಕೊನೆಯಲ್ಲಿ ಟ್ರೇಗೆ ಒಂದು ಲೋಟ ನೀರು ಹಾಕಿಸಿ, ಅದು ತಡೆಯಿಲ್ಲದೆ ಹೊರಗಿನ ಪೈಪಿನಲ್ಲಿ ಬೀಳುವುದನ್ನು ನೋಡಿ. ಬ್ಲೀಚಿಂಗ್ ದ್ರಾವಣ, ಬಚ್ಚಲು ತೊಳೆಯುವ ಆಸಿಡ್ ಮಾತ್ರ ಕಾಯಿಲ್ ಹತ್ತಿರ ಬರಬಾರದು. ಅಲ್ಯೂಮಿನಿಯಂ ಸವೆದುಹೋಗುತ್ತದೆ. ಅವೆರಡು ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಮುಗ್ಗಲಿನ ಬದಲು ಕೊಳೆತ ಮೊಟ್ಟೆಯ ವಾಸನೆ ಬಂದರೆ ಡ್ರೈನ್ ಪೈಪಿನ ತುದಿ ಎಲ್ಲಿದೆ ಎಂದು ಹುಡುಕಿ. ಹಲವು ಫ್ಲಾಟುಗಳಲ್ಲಿ ಅದನ್ನು ಗೋಡೆಯೊಳಗಿಂದ ತಂದು ಬಚ್ಚಲಿನ ಕೊಳವೆಗೆ ಸೇರಿಸಿರುತ್ತಾರೆ. ನೀರು ನಿಲ್ಲುವ ಟ್ರ್ಯಾಪ್ ದಾಟಿ ನೇರ ಒಳಚರಂಡಿಗೆ ಸೇರಿಸಿದ್ದರೆ, ಚರಂಡಿಯ ಗಾಳಿ ಅದೇ ಪೈಪಿನಲ್ಲಿ ಹತ್ತಿ ಬರುತ್ತದೆ. ಬಳಸದ ಬಚ್ಚಲಾದರೆ ಟ್ರ್ಯಾಪಿನ ನೀರು ಒಣಗಿಹೋಗಿರಬಹುದು. ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹುಯ್ಯಿರಿ. ಪೈಪನ್ನು ಬಕೆಟ್ಟಿಗೆ ಬಿಟ್ಟಿದ್ದರೆ ಅದರ ತುದಿ ನೀರಿನಲ್ಲಿ ಮುಳುಗದಿರಲಿ. ಮುಳುಗಿದರೆ ಹರಿವು ತಡೆದು ನೀರು ಕೋಣೆಯ ಗೋಡೆಗೇ ಇಳಿಯಬಹುದು.

ಸತ್ತ ವಾಸನೆ ಬಂದರೆ ಒಳಗೆ ಹಲ್ಲಿ ಸಿಕ್ಕಿಕೊಂಡಿರಬಹುದು. ಎಸಿ ಹಾಕದೆ, ಬಿಚ್ಚಿಸಿ ತೆಗೆಸಿ. ಸುಟ್ಟ ವಾಸನೆಯಾದರೆ ಒಂದು ಕ್ಷಣವೂ ಯೋಚಿಸಬೇಡಿ, ಮೇನ್ ಸ್ವಿಚ್ ಆರಿಸಿ, ಪರೀಕ್ಷೆಯಾಗುವವರೆಗೆ ಮತ್ತೆ ಹಾಕಬೇಡಿ.

ಮುಗ್ಗಲು ವಾಸನೆಗೆ ಗ್ಯಾಸ್ ಕಡಿಮೆಯಾದದ್ದೇ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗ್ಯಾಸ್ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಬಳಸಿದಂತೆ ಖರ್ಚಾಗುವ ವಸ್ತುವಲ್ಲ. ಸೋರಿಕೆಯಾದರೆ ಕೋಣೆ ತಣ್ಣಗಾಗುವುದು ನಿಲ್ಲುತ್ತದೆ, ಕೆಲವೊಮ್ಮೆ ಕೊಳವೆಯ ಮೇಲೆ ಮಂಜು ಕಟ್ಟುತ್ತದೆ. ಈಗಿನ ಬಹಳಷ್ಟು ಮನೆ ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಬೆಂಕಿ ಹೊತ್ತುವ ಗುಣ ಸ್ವಲ್ಪ ಇದೆ. ತರಬೇತಿ ಪಡೆದವರೇ ಅದನ್ನು ಮುಟ್ಟಬೇಕು. ಸೋರುತ್ತಿರುವ ಜಾಗ ಯಾವುದೆಂದು ಅವರು ನಿಮಗೆ ತೋರಿಸಿ, ಅದನ್ನು ಮುಚ್ಚಿದ ಮೇಲೆ ಗ್ಯಾಸ್ ತುಂಬಿಸಿ.