ಗಣಿತದ ಅಭ್ಯಾಸಕೂಟ



ಕನ್ನಡದಲ್ಲಿ ಗಣಿತ ಕಲಿತು ಜಾಣರೆನಿಸಿದ ನಮ್ಮ ಮಕ್ಕಳು ಕಾಲೇಜಿನ ಮೆಟ್ಟಿಲೇರಿದೊಡನೆ ಇಂಗ್ಲಿಷ್ ಪುಸ್ತಕಕ್ಕೆ ಅಂಜಿ ಆ ಶಾಸ್ತ್ರವನ್ನೇ ತ್ಯಜಿಸುವುದನ್ನು ಕಂಡು ನಾವು ನೊಂದಿದ್ದೇವೆ. 1812ರಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿಗಳಾಗಿದ್ದ ಬ್ಯಾಬೇಜ್, ಹರ್ಷೆಲ್, ಪೀಕಾಕ್ ಮೊದಲಾದವರು ಕೂಟ ಕಟ್ಟಿ, ಯೂರೋಪ್ ಖಂಡದ ಕಲನವಿಧಾನವನ್ನು ತಾವಾಗಿಯೇ ಅಭ್ಯಸಿಸಿದರು. 1816ರಲ್ಲಿ ಲಾಕ್ರ್ವಾ ಎಂಬಾತನ ಫ್ರೆಂಚ್ ಗ್ರಂಥವನ್ನು ಇಂಗ್ಲಿಷಿಗೆ ತಂದರು. ಅಂದು ಇಂಗ್ಲಿಷರಿಗೂ ಆ ವಿದ್ಯೆ ಪರಭಾಷೆಯಲ್ಲಿಯೇ ಇತ್ತು!

ಆದುದರಿಂದ ಊರೂರಿಗೆ ಚದುರಿದ ಹಳೆಯ ವಿದ್ಯಾರ್ಥಿಗಳೂ ಮೇಲಿನ ತರಗತಿಯವರೂ ಪ್ರತಿ ಭಾನುವಾರ ಸಂಜೆ ಅಂತರ್ಜಾಲದಲ್ಲಿ ಕಲೆತು, ಒಂದೊಂದು ಪ್ರಮೇಯವನ್ನು ಕನ್ನಡದಲ್ಲಿ ಚರ್ಚಿಸಿ, ಅನಂತರ ಇಂಗ್ಲಿಷಿನಲ್ಲಿ ಬರೆಯಲೆಂದು ಬಯಸುತ್ತೇವೆ. ಆ ಒಂದು ಗಂಟೆ ಪೋಷಕರು ಮನೆಯ ಮೊಬೈಲನ್ನು ಮಕ್ಕಳಿಗೆ ಬಿಟ್ಟುಕೊಡಬೇಕೆಂದು ಪ್ರಾರ್ಥಿಸುತ್ತೇವೆ. ಮಕ್ಕಳೇ, ತಪ್ಪು ಉತ್ತರಕ್ಕೆ ಅಲ್ಲಿ ನಗುವವರಿಲ್ಲ; ಧೈರ್ಯವಾಗಿ ಬನ್ನಿರಿ.