ಕಣದ ಮಕ್ಕಳೂ ಊರಿನ ಹೊಣೆಯೂ



ಘಟಪ್ರಭೆ ಕೃಷ್ಣೆಯರು ಹರಿಯುವ ಕರಿಮಣ್ಣಿನ ಸೀಮೆಯಲ್ಲಿ, ಎಂದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ, ಜಾತ್ರೆಯಾಯಿತೆಂದರೆ ಕುಸ್ತಿಯೂ ಆಗಬೇಕೆಂಬುದು ಯಾರೂ ಬರೆದಿಡದ ಒಂದು ಕಟ್ಟಳೆ. ಹಲಗೆಯ ಸದ್ದಿನ ನಡುವೆ ಕೆಂಪು ಮಣ್ಣಿನ ಕಣಕ್ಕೆ ಮೊಟ್ಟಮೊದಲು ಇಳಿಯುವವರು ಎಂಟು ಹತ್ತು ವರ್ಷದ ಹುಡುಗರು. ಕಣದ ಅಂಚಿನಲ್ಲಿ ರುಮಾಲು ಸುತ್ತಿ ನಿಂತ ಪಂಚರು ಒಬ್ಬೊಬ್ಬರ ಎತ್ತರವನ್ನೂ ಎದೆಯ ಅಗಲವನ್ನೂ ಕಣ್ಣಳತೆಯಲ್ಲಿಯೇ ನಿಶ್ಚಯಿಸಿ, ಈತನಿಗೆ ಈತ ಸರಿಜೋಡಿಯೆಂದು ತೋರಿದಾಗ ಇಬ್ಬರ ಕೈಗಳನ್ನೂ ಕೂಡಿಸಿ ಬಿಡುತ್ತಾರೆ. ಗೆದ್ದವನಿಗೆ ಒಂದು ತೆಂಗಿನಕಾಯಿ, ಒಂದಿಷ್ಟು ಚಿಲ್ಲರೆ ಹಣ. ಯಾರೊಬ್ಬರೂ ಚಿತ್ತಾಗದೆ ಬಹಳ ಹೊತ್ತು ಎಳೆದಾಡಿದರೆ, ಪಂಚರು ನಡುವೆ ಬಂದು ಬಿಡಿಸಿ, ‘ಬರೋಬರಿ’ ಎಂದು ಸಾರಿ, ಇಬ್ಬರ ಕೈಯನ್ನೂ ಎತ್ತುತ್ತಾರೆ. ಬೆಳ್ಳಿಯ ಕಡಗ, ಬೆಳ್ಳಿಯ ಗದೆಗಳ ದೊಡ್ಡ ಕುಸ್ತಿ, ಚಿತ್ ಆಗುವ ತನಕ ಬಿಡದ ಜಂಗಿ ನಿಕಾಲಿ ಕುಸ್ತಿ, ಇವೆಲ್ಲ ಇಳಿಹೊತ್ತಿನ ಮಾತು.

ಇದೇ ಹುಡುಗರು ಶಾಲೆಯ ಕ್ರೀಡಾಂಗಣಕ್ಕೆ ಬಂದಾಗ ಕಾಣುವ ವ್ಯವಸ್ಥೆಯೇ ಬೇರೆ. ಅಲ್ಲಿ ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳುಂಟು. ಮೇಲಿನ ಮೆಟ್ಟಿಲಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಪಂದ್ಯಗಳುಂಟು. 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ವಿಂಗಡಣೆಯುಂಟು. ಏರ್ಪಾಟು ಅಚ್ಚುಕಟ್ಟಾದುದೆಂಬುದರಲ್ಲಿ ಸಂಶಯವಿಲ್ಲ. ಹಳ್ಳಿಯ ಕಬಡ್ಡಿ ಆಟಗಾರನೊಬ್ಬನು ರಾಜಧಾನಿಯ ಅಂಗಳವನ್ನು ತುಳಿಯುವುದು ಈ ಮೆಟ್ಟಿಲುಗಳಿಂದಲೇ. ಆದರೆ ಮೆಟ್ಟಿಲು ಮೆಟ್ಟಿಲಿಗೂ ಸೋತವರು ಮನೆಗೆ ಹಿಂದಿರುಗುತ್ತಾರೆ, ಮತ್ತು ವಲಯ ಮಟ್ಟದಲ್ಲಿ ಆಡಿದ ಮಕ್ಕಳಲ್ಲಿ ಬಹುಪಾಲಿನವರಿಗೆ ಆ ವರ್ಷದ ಆಟವು ಒಂದೆರಡು ದಿನಗಳಲ್ಲಿಯೇ ಮುಗಿದುಹೋಗುತ್ತದೆ. ಮುಗಿದ ಮೇಲೆ ಆ ಮಗುವಿಗೆ ಏನಾಯಿತೆಂದು ವಿಚಾರಿಸುವ ಕೆಲಸವನ್ನು ಈ ಏರ್ಪಾಟು ಯಾರಿಗೂ ವಹಿಸಿಲ್ಲ.

ಆ ಮಗುವಿನ ಮೇಲೆ ಬೀಳುವ ಭಾರವಾದರೋ ಅನೇಕರದು. ಶಾಲೆಯ ಹೆಸರು ಬರಬೇಕೆಂಬ ಮುಖ್ಯಾಧ್ಯಾಪಕರ ಆಸೆ, ತಂಡವು ಗೆದ್ದರೆ ತನ್ನ ಶ್ರಮಕ್ಕೆ ಬೆಲೆ ಬಂದೀತೆಂಬ ಪಿ.ಟಿ. ಸರ್ ಅವರ ನಿರೀಕ್ಷೆ, ಕ್ರೀಡಾ ಕೋಟಾದಲ್ಲಿ ಪೊಲೀಸ್ ಇಲಾಖೆಯಲ್ಲಿಯೋ ರೈಲ್ವೆಯಲ್ಲಿಯೋ ಸೈನ್ಯದಲ್ಲಿಯೋ ಮಗನಿಗೊಂದು ನೌಕರಿಯಾದೀತೆಂದು ಎಣಿಸುವ ತಂದೆಯ ಲೆಕ್ಕಾಚಾರ, ಇವೆಲ್ಲ ಒಂದೊಂದಾಗಿ ನೋಡಿದರೆ ನ್ಯಾಯವಾದವುಗಳೇ. ಮಗ್ಗದ ದುಡಿಮೆಯನ್ನೋ ಕಬ್ಬಿನ ಗದ್ದೆಯನ್ನೋ ನಂಬಿದ ಮನೆಯಲ್ಲಿ ನೌಕರಿಯ ಆಸೆಯನ್ನು ದುರಾಸೆಯೆಂದು ಹೇಳುವ ಅಧಿಕಾರ ಪಟ್ಟಣದ ಲೇಖಕನಿಗಿಲ್ಲ. ಆದರೆ ಇವೆಲ್ಲವೂ ಹದಿಮೂರು ವರ್ಷದ ಒಂದೇ ಹೆಗಲ ಮೇಲೆ ಕೂಡಿಬಂದಾಗ ವಿಕಾರಗಳು ಹುಟ್ಟುತ್ತವೆ: ಜನ್ಮದಿನಾಂಕವನ್ನು ತಿದ್ದಿಸುವುದು, ಕಿರಿಯರ ತಂಡದಲ್ಲಿ ಮೀಸೆ ಚಿಗುರಿದವನನ್ನು ಬೇರೊಬ್ಬನ ಹೆಸರಿನಲ್ಲಿ ಇಳಿಸುವುದು, ತೀರ್ಪುಗಾರನ ಮೇಲೆ ಊರಿಗೆ ಊರೇ ಏರಿಹೋಗುವುದು. ಆಟದ ಬಯಲಿನ ಸುತ್ತ ನಿಂತವರೆಲ್ಲರಿಗೂ ಇವು ಗೊತ್ತು, ಹೇಳುವವರು ಕಡಿಮೆ.

ಸ್ಪರ್ಧೆಯೇ ದೋಷವೆಂದು ಇದರಿಂದ ತೀರ್ಮಾನಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯವನ್ನು ಶತಮಾನಗಳಿಂದ ನಡೆಸಿಕೊಂಡು ಬಂದ ಈ ನಾಡಿನಲ್ಲಿ ಸ್ಪರ್ಧೆಯು ಹೊಸದಾಗಿ ಬಂದ ಕಾಯಿಲೆಯೇನೂ ಅಲ್ಲ. ವಿಚಾರ ಮಾಡತಕ್ಕ ಸಂಗತಿ ಬೇರೊಂದಿದೆ: ಊರಿನ ನೆರವು ಮಗುವಿಗೆ ಯಾವಾಗ ಸಲ್ಲುತ್ತದೆ, ಗೆಲ್ಲುವುದಕ್ಕೆ ಮುಂಚೆಯೋ, ಗೆದ್ದ ಮೇಲೆಯೋ? ಮುಂಚೆ ಸಂದ ನೆರವು ಮಗುವಿಗೆ ಬೆಂಬಲವಾಗುತ್ತದೆ. ಗೆದ್ದ ಮೇಲೆ ಮಾತ್ರ ಸಲ್ಲುವ ನೆರವು, ಶಾಲು, ಹಾರ, ನಗದು ಬಹುಮಾನ, ಮೆರವಣಿಗೆ, ಮುಂದೆ ಆಡಲಿರುವ ಪ್ರತಿಯೊಂದು ಮಗುವಿಗೂ ಒಂದು ಬೆದರಿಕೆಯಾಗಿ ಪರಿಣಮಿಸುತ್ತದೆ.

ಗರಡಿಮನೆಯ ಬಾಳನ್ನು ಈ ದೃಷ್ಟಿಯಿಂದ ನೋಡಬೇಕು. ನಮ್ಮ ಕಡೆ ತಾಲೀಮು ಎಂದೂ ಕರೆಯುವ ಆ ತಗ್ಗು ಬಾಗಿಲಿನ ಮನೆಯೊಳಗೆ ಹನುಮಂತ ದೇವರ ಮುಂದೆ ದೀಪ ಉರಿಯುತ್ತದೆ. ನೆಲದ ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಸೇರಿಸಿ ಹದಮಾಡುತ್ತಾರೆ. ಹೀಗೆ ಹದವಾದ ಮಣ್ಣು ಮೆತ್ತಗಿರುತ್ತದೆ, ಬಿದ್ದವನನ್ನು ಕಾಯುತ್ತದೆ. ಬೆಳಗಿನ ಜಾವದಲ್ಲಿ ಬರುವ ಹುಡುಗನು ಮೊದಲು ಕಲಿಯುವುದು ಆ ಮಣ್ಣನ್ನು ಸಲಿಕೆಯಿಂದ ಕೆದಕಿ ಸಮಮಾಡುವುದನ್ನು. ಆಮೇಲೆ ದಂಡ, ಬೈಠಕ್. ಪಟ್ಟುಗಳನ್ನು ವಸ್ತಾದರು ಹೇಳಿಕೊಡುವುದು ಎಷ್ಟೋ ತಿಂಗಳ ತರುವಾಯ. ಪೈಲ್ವಾನನಾಗುವ ಹುಡುಗನಿಗೆ ಹಾಲು, ತುಪ್ಪ, ಬಾದಾಮಿ ಬೇಕು, ಬಡವರ ಮನೆಗೆ ಅದು ಹೊರಲಾರದ ವೆಚ್ಚ. ಆದುದರಿಂದ ಹಾಲುಳ್ಳವರು ಹಾಲನ್ನೂ ಕಾಳುಳ್ಳವರು ಕಾಳನ್ನೂ ಕೊಟ್ಟು ಊರ ಪೈಲ್ವಾನನನ್ನು ಸಾಕುವುದು ಈ ಭಾಗದ ಹಳ್ಳಿಗಳಲ್ಲಿ ರೂಢಿಯಾಗಿತ್ತು. ಕೊಟ್ಟವರು ಗೆಲುವನ್ನು ಬಯಸಲಿಲ್ಲವೆಂದಲ್ಲ. ಆದರೆ ಹಾಲು ಕುಡಿದು ವರ್ಷಗಳಾದ ಮೇಲೆ ಕುಸ್ತಿ ಬರುತ್ತಿತ್ತು. ಸೋತು ಬಂದವನಿಗೂ ಮರುದಿನ ಹಾಲು ನಿಲ್ಲುತ್ತಿರಲಿಲ್ಲ. ‘ಯಾಕಪಾ ತಮ್ಮಾ, ಯಾವ ಪಟ್ಟಿಗೆ ಸಿಕ್ಕಿ?’ ಎಂದು ಕೇಳಿ, ಆ ಪಟ್ಟನ್ನು ಬಿಡಿಸಿಕೊಳ್ಳುವ ಬಗೆಯನ್ನು ಅಲ್ಲಿಯೇ ಮಣ್ಣಿನಲ್ಲಿ ತೋರಿಸುವುದು ವಸ್ತಾದರ ಕ್ರಮ.

ಊರಿನ ನೆರವಿಗೆ ಹೆಸರುವಾಸಿಯಾದ ನಿದರ್ಶನವು ನಮ್ಮ ಕೃಷ್ಣೆಯ ಮೇಲ್ದಂಡೆಯಲ್ಲಿಯೇ ಇದೆ. ಕೊಯ್ನೆಯು ಕೃಷ್ಣೆಯನ್ನು ಕೂಡುವ ಕರಾಡಕ್ಕೆ ಸಮೀಪದ ಗೋಳೇಶ್ವರವೆಂಬ ಹಳ್ಳಿಯ ಖಾಶಾಬಾ ದಾದಾಸಾಹೇಬ ಜಾಧವರು 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದುದು ಕೊಲ್ಲಾಪುರದ ಮಹಾರಾಜರ ಧನಸಹಾಯದಿಂದ. ಮಣ್ಣಿನ ಕಣದಲ್ಲಿ ಬೆಳೆದವರು ಚಾಪೆಯ ಮೇಲಣ ಕುಸ್ತಿಯ ಕಟ್ಟುಪಾಡುಗಳಿಗೆ ಒಗ್ಗಿರದಿದ್ದರೂ ಆರನೆಯ ಸ್ಥಾನಕ್ಕೆ ಬಂದರು. 1952ರಲ್ಲಿ ಹೆಲ್ಸಿಂಕಿಗೆ ಹೊರಡುವ ಕಾಲಕ್ಕೆ ಹಣವಿರಲಿಲ್ಲ. ಹಳ್ಳಿಯವರು ಕೈಲಾದಷ್ಟು ಕೂಡಿಸಿಕೊಟ್ಟರು. ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ತಂದುಕೊಟ್ಟರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಗತ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವಾದ ಆ ಕಂಚು ಬಂದುದು ಹೀಗೆ. ಹಿಂದಿರುಗಿದಾಗ ನೂರಕ್ಕೂ ಮೇಲ್ಪಟ್ಟ ಚಕ್ಕಡಿಗಳ ಮೆರವಣಿಗೆಯಾಯಿತು. ಜಾಧವರು ಮುಂದೆ ಕುಸ್ತಿಗಳನ್ನಾಡಿ, ಅದರಿಂದ ಬಂದ ಹಣದಿಂದ ಗುರುಗಳ ಮನೆಯ ಒತ್ತೆಯನ್ನು ಬಿಡಿಸಿದರು. ಸರಕಾರದ ಅರ್ಜುನ ಪ್ರಶಸ್ತಿಯಾದರೋ ಅವರಿಗೆ ಸಂದದ್ದು 1984ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಖರ್ಡೀಕರರು ಮನೆಯನ್ನು ಒತ್ತೆಯಿಟ್ಟ ದಿನ ಜಾಧವರ ಕೈಯಲ್ಲಿ ಒಲಿಂಪಿಕ್ ಪದಕವಿರಲಿಲ್ಲವೆಂಬುದನ್ನು ಶ್ರೋತೃಗಳು ದಯವಿಟ್ಟು ಗಮನಿಸಬೇಕು.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವ ಚಪಲ ನನಗಿಲ್ಲ. ಗರಡಿಮನೆಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಉತ್ತರ ಕನ್ನಡದ ಹಳಿಯಾಳದ ಹುಡುಗಿಯರು ಕುಸ್ತಿಯಲ್ಲಿ ಹೆಸರು ಮಾಡಿದ್ದು ಇತ್ತೀಚೆಗೆ, ಕ್ರೀಡಾ ವಸತಿನಿಲಯಗಳ ಕಾಲದಲ್ಲಿ. ಹಳೆಯ ಕಣದಲ್ಲಿಯೂ ಊರೂರುಗಳ ಹಟವಿತ್ತು, ಹಗೆಯಿತ್ತು. ಅಲ್ಲದೆ ಇಂದು ಸರಕಾರದ ವಸತಿನಿಲಯಗಳೂ ತರಬೇತಿ ಕೇಂದ್ರಗಳೂ ಇಲ್ಲದಿದ್ದರೆ ಹಳ್ಳಿಯ ಹುಡುಗರಿಗೆ ಚಾಪೆಯ ಕುಸ್ತಿಯ ಪರಿಚಯವೇ ಆಗುತ್ತಿರಲಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯವರೇ ಆದ ಅರ್ಜುನ ಹಲಕುರ್ಕಿಯವರು 2020ರಲ್ಲಿ ದಿಲ್ಲಿಯ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ 55 ಕಿಲೋ ವಿಭಾಗದ ಗ್ರೀಕೋ-ರೋಮನ್ ಕುಸ್ತಿಯಲ್ಲಿ ಕಂಚಿನ ಪದಕ ಪಡೆದದ್ದನ್ನು ನೆನೆದರೆ ಈ ಮಾತು ಮನವರಿಕೆಯಾದೀತು.

ಕಿಲೋ ಎಂಬ ಮಾತು ಬಂದುದರಿಂದ, ಪಾಲಕರು ತಿಳಿದಿರಲೇಬೇಕಾದ ಒಂದು ಅಪಾಯವನ್ನು ಇಲ್ಲಿ ವಿವರಿಸುತ್ತೇನೆ. ಪಂಚರ ಕಣ್ಣಳತೆಯ ಸ್ಥಾನದಲ್ಲಿ ಈಗ ತೂಕದ ಯಂತ್ರವಿದೆ; ಅದು ನ್ಯಾಯವಾದುದೇ. ಆದರೆ ಕೆಳಗಿನ ತೂಕದ ವಿಭಾಗಕ್ಕೆ ಇಳಿದರೆ ತನಗಿಂತ ಸಣ್ಣವನು ಸಿಕ್ಕಾನೆಂದು ಹುಡುಗನನ್ನು ಎರಡು ದಿನ ಉಪವಾಸ ಕೆಡವಿ, ನೀರನ್ನು ಬಿಡಿಸಿ, ಬಿಸಿಲಿನಲ್ಲಿ ಉಣ್ಣೆಯ ಅಂಗಿ ತೊಡಿಸಿ ಓಡಿಸುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಹಬ್ಬಿದೆ. ಹೀಗೆ ಇಳಿಯುವ ತೂಕವು ಕೊಬ್ಬಲ್ಲ, ನೀರು. ರಕ್ತದಲ್ಲಿನ ನೀರು ಕಡಿಮೆಯಾದಾಗ ಹೃದಯವು ಹೆಚ್ಚು ಬಡಿಯಬೇಕಾಗುತ್ತದೆ. ಬೆವರು ನಿಂತು ಮೈಯ ಶಾಖ ಏರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸಿದರೆ ಬೆಳವಣಿಗೆಗೇ ಕುಂದು. 1997ರ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಅಮೆರಿಕೆಯ ಮೂವರು ಕಾಲೇಜು ಕುಸ್ತಿಪಟುಗಳು ಸುಮಾರು ಒಂದು ತಿಂಗಳ ಅವಧಿಯಲ್ಲಿ ಈ ರೀತಿ ತೂಕ ಇಳಿಸುತ್ತಲೇ ಪ್ರಾಣ ಬಿಟ್ಟರು; ಅನಂತರವೇ ಅಲ್ಲಿ ರಬ್ಬರಿನ ಉಡುಪುಗಳೂ ಉಗಿಕೋಣೆಗಳೂ ನಿಷಿದ್ಧವಾದುವು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟರು 50 ಕಿಲೋ ವಿಭಾಗದ ಅಂತಿಮ ಪಂದ್ಯದ ಬೆಳಗ್ಗೆ 100 ಗ್ರಾಂ ಹೆಚ್ಚಾದುದರಿಂದ ಅನರ್ಹರಾದುದನ್ನು ಎಲ್ಲರೂ ಬಲ್ಲರು. ವೈದ್ಯರೂ ತರಬೇತುದಾರರೂ ಸುತ್ತ ನಿಂತು ರಾತ್ರಿಯೆಲ್ಲ ಯತ್ನಿಸಿದರೂ ಪ್ರೌಢ ದೇಹವೊಂದು ಒಪ್ಪದ ಕೆಲಸವನ್ನು, ಏಳನೆಯ ತರಗತಿಯ ಹುಡುಗನಿಂದ ಮನೆಯ ಹಿತ್ತಲಿನಲ್ಲಿ ಮಾಡಿಸುವುದು ಅವಿವೇಕ. ನನ್ನ ಅಭಿಪ್ರಾಯದಲ್ಲಿ ಅಪರಾಧವೂ ಹೌದು.

ಇನ್ನೊಂದು ಮಾತು. ಒಂದೇ ತರಗತಿಯ ಹದಿಮೂರು ವರ್ಷದ ಇಬ್ಬರು ಹುಡುಗರ ಎಲುಬಿನ ವಯಸ್ಸಿನಲ್ಲಿ ಎರಡು ಮೂರು ವರ್ಷಗಳ ಅಂತರವಿರಬಹುದು. ಒಬ್ಬನ ಮೈ ಆಗಲೇ ಬೆಳೆದು ಗಟ್ಟಿಯಾಗಿದ್ದರೆ ಇನ್ನೊಬ್ಬನದು ಇನ್ನೂ ಬಾಲ್ಯದಲ್ಲಿಯೇ ಇದ್ದೀತು. ಆದುದರಿಂದ ಆ ವಯಸ್ಸಿನ ಗೆಲುವು ಕೌಶಲಕ್ಕಿಂತ ಮುಂಚಿತವಾಗಿ ಬಂದ ಪ್ರಾಯಕ್ಕೆ ಸಲ್ಲುವುದೇ ಹೆಚ್ಚು, ಆ ವಯಸ್ಸಿನ ಸೋಲಿನಿಂದ ಹದಿನೆಂಟರ ಪೈಲ್ವಾನನನ್ನು ಊಹಿಸುವಂತೆಯೂ ಇಲ್ಲ. ನಾರ್ವೆ ದೇಶದ ಕ್ರೀಡಾ ಸಂಘಟನೆಯವರು ಇದನ್ನು ಮನಗಂಡು, ಮಕ್ಕಳ ಕ್ರೀಡೆಗೆಂದೇ 1987ರಲ್ಲಿ ನಿಯಮಗಳನ್ನೂ 2007ರಲ್ಲಿ ಹಕ್ಕುಗಳ ಪಟ್ಟಿಯನ್ನೂ ಮಾಡಿಕೊಂಡರು: ಹನ್ನೊಂದರ ವಯಸ್ಸಿಗೆ ಮುಂಚೆ ಅಂಕಪಟ್ಟಿ, ಶ್ರೇಯಾಂಕಗಳಿಲ್ಲ, ಹದಿಮೂರಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್ ಪದವಿಯಿಲ್ಲ. ಇದರಿಂದ ಅವರು ಹಿಂದುಳಿಯಲಿಲ್ಲ. 2018 ಮತ್ತು 2022ರ ಚಳಿಗಾಲದ ಒಲಿಂಪಿಕ್ಸುಗಳೆರಡರಲ್ಲಿಯೂ ಪದಕಗಳ ಪಟ್ಟಿಯ ತುದಿಯಲ್ಲಿದ್ದವರು ಅವರೇ. ‘ಬರೋಬರಿ’ ಎಂದು ಇಬ್ಬರ ಕೈಯನ್ನೂ ಎತ್ತುವ ನಮ್ಮ ಜಾತ್ರೆಯ ಪಂಚರಿಗೆ ಇದನ್ನು ಹೇಳಿದರೆ, ಇದರಲ್ಲೇನು ಹೊಸದು ಎಂದಾರು.

ಮುಧೋಳದ ಹೆಸರನ್ನೆತ್ತಿದ ಮೇಲೆ ರನ್ನ ಮಹಾಕವಿಯನ್ನು ನೆನೆಯದಿರುವುದು ಹೇಗೆ? ಹತ್ತನೆಯ ಶತಮಾನದಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನು ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೆ ಹೋದನು. ಚಾವುಂಡರಾಯನ ಆಶ್ರಯವೂ ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆಯ ಪೋಷಣೆಯೂ ಅವನಿಗೆ ದೊರೆತುವು. 993ರ ‘ಅಜಿತಪುರಾಣ’ವು ಆ ಸಾಧ್ವಿಯ ಔದಾರ್ಯದ ಫಲ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ‘ಗದಾಯುದ್ಧ’. ಅಲ್ಲಿ ಗೆದ್ದವನು ಭೀಮ, ಕಾವ್ಯದ ನಾಯಕನೂ ಅವನೇ. ಆದರೂ ಬಂಧುಗಳನ್ನೆಲ್ಲ ಕಳೆದುಕೊಂಡು ರಣಭೂಮಿಯಲ್ಲಿ ಒಬ್ಬನೇ ನಡೆಯುವ ದುರ್ಯೋಧನನಿಗೆ ರನ್ನನು ಕೊಟ್ಟ ಗಾಂಭೀರ್ಯವನ್ನೂ ಕರುಣೆಯನ್ನೂ ಓದಿದವರು, ಸೋತವನನ್ನು ಇಷ್ಟು ಗೌರವದಿಂದ ಕಂಡ ಕವಿ ವಿರಳವೆಂದು ಒಪ್ಪುತ್ತಾರೆ. ಭಾರತದ ಕಥೆಯಲ್ಲಿ ಇಬ್ಬರಿಗೂ ಗದಾವಿದ್ಯೆಯನ್ನು ಕಲಿಸಿದ ಬಲರಾಮನು, ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ಭೀಮನು ತೊಡೆಯನ್ನು ಮುರಿದಾಗ, ಗೆದ್ದ ಶಿಷ್ಯನ ಮೇಲೆಯೇ ನೇಗಿಲನ್ನೆತ್ತುತ್ತಾನೆ. ವಯಸ್ಸಿನ ದಾಖಲೆ ತಿದ್ದಿ ಗೆದ್ದ ತಂಡಕ್ಕೆ ಹಾರ ಹಾಕಲು ಮುಂದಾಗುವ ನಮ್ಮ ಹಿರಿಯರು ಈ ಪ್ರಸಂಗವನ್ನು ಒಮ್ಮೆ ಓದಿಕೊಳ್ಳಬಹುದು.

ಆಡಿದ ಮಾತು ಕಾರ್ಯಕ್ಕೆ ಬರಬೇಕಾದರೆ ಕೇಳುಗರಲ್ಲಿ ನನ್ನದೊಂದು ಅರಿಕೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಿಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿರಿ. ವರ್ಷದ ಕೊನೆಯ ಸನ್ಮಾನಕ್ಕೆಂದು ಎತ್ತುವ ವಂತಿಗೆಯನ್ನು ಆಗಲೇ ಎತ್ತಿ, ಆಟಕ್ಕೆ ಇಳಿಯುವ ಎಲ್ಲ ಮಕ್ಕಳ ಹಾಲಿಗೆ, ಬೂಟಿಗೆ, ತಾಲೂಕಿಗೆ ಹೋಗಿಬರುವ ಬಸ್ಸಿನ ಖರ್ಚಿಗೆ ಪಿ.ಟಿ. ಸರ್ ಅವರ ಕೈಯಲ್ಲಿ ಕೊಡಿರಿ. ಪಂದ್ಯದ ಹಿಂದಿನ ದಿನ ಯಾವ ಮಗುವೂ ತೂಕಕ್ಕಾಗಿ ಊಟ ಬಿಟ್ಟಿಲ್ಲವೆಂಬುದನ್ನು ನೋಡಿಕೊಳ್ಳಲು ಒಬ್ಬ ತಾಯಿಯನ್ನೂ ಒಬ್ಬ ವಸ್ತಾದರನ್ನೂ ನೇಮಿಸಿರಿ. ಸೋತ ತಂಡವು ಸಂಜೆಯ ಬಸ್ಸಿಗೆ ಹಿಂದಿರುಗುವಾಗ ನಿಲ್ದಾಣದಲ್ಲಿ ಊರಿನವರು ನಾಲ್ಕು ಮಂದಿಯಾದರೂ ಇರಲಿ.