ಮೂಳೆ ತೆರುವ ಬೆಲೆ



ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣದಲ್ಲಿ ಬಡಿಯುವಂತೆ ಇಟ್ಟಿದ್ದರು. ಅದು ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ಗೊತ್ತಾಯಿತು, ದ್ರಾವಣಕ್ಕೆ ಬಳಸಿದ್ದು ಭಟ್ಟಿ ಇಳಿಸಿದ ನೀರಲ್ಲ, ನಲ್ಲಿಯ ನೀರು. ಭಟ್ಟಿ ನೀರಿನಲ್ಲಿ ಮಾಡಿದಾಗ ಬಡಿತ ಸೊರಗಿ ನಿಂತೇ ಹೋಯಿತು. ನಲ್ಲಿ ನೀರಿನಲ್ಲಿದ್ದ ಚೂರು ಸುಣ್ಣದ ಅಂಶವೇ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ನಡೆಸುತ್ತಿತ್ತು ಎಂದು 1883ರಲ್ಲಿ ಅವರು ಬರೆದರು.

ವಯಸ್ಕರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮೂಳೆ, ಹಲ್ಲುಗಳಲ್ಲಿ. ಉಳಿದ ಒಂದು ಪಾಲಿನ ಮೇಲೆ ಸ್ನಾಯುಗಳ ಸೆಳೆತ, ನರಗಳ ಸಂದೇಶ, ರಕ್ತ ಹೆಪ್ಪುಗಟ್ಟುವಿಕೆ ಎಲ್ಲವೂ ನಿಂತಿವೆ. ನೂರು ಮಿಲಿಲೀಟರ್ ರಕ್ತದಲ್ಲಿ ಕ್ಯಾಲ್ಸಿಯಂ 8.5ರಿಂದ 10.5 ಮಿಲಿಗ್ರಾಂ ಇರಬೇಕು. ತೀರಾ ಇಳಿದರೆ ಬೆರಳುಗಳು ಸೆಟೆದುಕೊಳ್ಳುತ್ತವೆ, ಹೃದಯದ ಲಯ ತಪ್ಪುತ್ತದೆ.

ಈ ಮಟ್ಟವನ್ನು ಕಾಯುವುದು ಗಂಟಲಲ್ಲಿ, ಥೈರಾಯ್ಡ್ ಹಿಂದೆ ಇರುವ ಅಕ್ಕಿಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು, ಸಾಮಾನ್ಯವಾಗಿ ನಾಲ್ಕು. ರಕ್ತದಲ್ಲಿ ಕ್ಯಾಲ್ಸಿಯಂ ತುಸು ಇಳಿದರೂ ಅವು ಹಾರ್ಮೋನು ಸುರಿಸುತ್ತವೆ. ಆಗ ಮೂತ್ರಪಿಂಡ ಕ್ಯಾಲ್ಸಿಯಂ ಅನ್ನು ಹೊರಹೋಗಲು ಬಿಡದೆ ತಡೆಹಿಡಿಯುತ್ತದೆ, ವಿಟಮಿನ್ ಡಿಯನ್ನು ಚುರುಕುಗೊಳಿಸುತ್ತದೆ. ಅದರ ಬಲದಿಂದ ಕರುಳು ಊಟದಿಂದ ಹೆಚ್ಚು ಹೀರಿಕೊಳ್ಳುತ್ತದೆ. ಊಟದಲ್ಲೇ ಇಲ್ಲದಿದ್ದರೆ? ಮೂಳೆ ಕರಗುತ್ತದೆ.

ನನ್ನನ್ನು ಕಾಡುವುದು ಇದೇ. ರಕ್ತಪರೀಕ್ಷೆಯ ಚೀಟಿಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದಿರುತ್ತದೆ. ಒಳಗೆ ಮೂಳೆ ಸದ್ದಿಲ್ಲದೆ ಸವೆಯುತ್ತಿರಬಹುದು. ಹಾಲೂಡಿಸುವ ತಾಯಿಯ ಮೂಳೆಯಿಂದಲೂ ಕ್ಯಾಲ್ಸಿಯಂ ಮಗುವಿಗೆ ಹೋಗುತ್ತದೆ. ಹಾಲು ಬಿಡಿಸಿದ ಮೇಲೆ ಆ ನಷ್ಟ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ ಎಂಬುದು ಸಮಾಧಾನ. ಮುಟ್ಟು ನಿಂತ ಮೇಲಿನ ಸವೆತ ಹಾಗಲ್ಲ. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಅದು ವೇಗ ಪಡೆಯುತ್ತದೆ. ಎಲ್ಲರಿಗೂ ಬಡಿಸಿ, ಗಟ್ಟಿ ಮೊಸರು ಮಕ್ಕಳಿಗಿರಲಿ ಎಂದು ತಿಳಿಮಜ್ಜಿಗೆಯಲ್ಲಿ ಊಟ ಮುಗಿಸುವ ಅಮ್ಮಂದಿರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ!

ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆಯ ಜೊತೆಗೆ ನುಗ್ಗೆಸೊಪ್ಪು, ಎಳ್ಳಿನ ಚಟ್ನಿ, ಒಂದು ಲೋಟ ಹಾಲು ಸೇರಲಿ, ವಿಟಮಿನ್ ಡಿಗಾಗಿ ಮೈಗೆ ಬಿಸಿಲೂ ಸೋಕಲಿ. ಮೂಳೆಯ ಸಾಂದ್ರತೆ ತಿಳಿಯಲು ಡೆಕ್ಸಾ ಎಂಬ ಬೇರೆ ಪರೀಕ್ಷೆಯೇ ಇದೆ. ಮನೆಯಲ್ಲಿ ಮುಟ್ಟು ನಿಂತ ಅಮ್ಮ, ಅತ್ತೆ, ಅಕ್ಕ ಇದ್ದರೆ, ಅದು ಅವರಿಗೆ ಬೇಕೇ ಎಂದು ವೈದ್ಯರನ್ನು ಕೇಳಿ.